ಶೇಕಡಾ ಐವತ್ತೆಂಟು

ಪ್ರತಿ ನವೆಂಬರಿಗೊಂದು ಫಾರಂ ಬರುತ್ತದೆ.
ಅದರಲ್ಲೊಂದು ಚೌಕ, ಹೆಬ್ಬೆರಳಿನ ಉಗುರಿನಷ್ಟು:
ಪ್ರಬಂಧ ಎಷ್ಟು ಮುಗಿದಿದೆ? ಶೇಕಡಾವಾರು ಬರೆಯಿರಿ.
ಹೋದ ವರ್ಷ ಅರವತ್ತೆರಡು ಎಂದು ಬರೆದಿದ್ದೆ.
ಈ ವರ್ಷ ಐವತ್ತೆಂಟು.
ಕಚೇರಿಯ ಮಾರ್ಯುತ್ ಫೋನು ಮಾಡಿದಳು:
ಹೆಲ್ಕಾ, ಬರೆಯುವಾಗ ಕೈತಪ್ಪಿತೇ?
ಇಲ್ಲ, ಸರಿಯಾಗಿಯೇ ಇದೆ, ಅಂದೆ.
ಆ ಕಡೆ ಕೀಲಿಮಣೆ ಸ್ವಲ್ಪ ಹೊತ್ತು ಸುಮ್ಮನಿತ್ತು.

ಯೊಯೆನ್ಸೂವಿನಲ್ಲಿ ಈಗ ಮೂರೂವರೆಗೇ ಕತ್ತಲು.
ನೆಲಮಾಳಿಗೆಯ ಶೀತಲ ಕೋಣೆಯಲ್ಲಿ
ಪ್ಲಾಸ್ಟಿಕ್ ಹೊದ್ದು ಮಲಗಿದೆ ನನ್ನ ಜೌಗು,
ನಾಲ್ಕು ಮೀಟರು, ಎಂಟು ತುಂಡು.
ತಲೆ ಯಾವುದು ಕಾಲು ಯಾವುದು ಮರೆಯದಿರಲೆಂದು
ಪ್ರತಿ ತುಂಡಿಗೂ ಬಾಣದ ಗುರುತು.
ಪಾಚಿ ಸತ್ತು, ಅದರ ಮೇಲೆ ಪಾಚಿ ಸತ್ತು
ವರ್ಷಕ್ಕೊಂದು ಮಿಲಿಮೀಟರು, ಅದೂ ಒಳ್ಳೆಯ ವರ್ಷವಾದರೆ.
ನಾನು ಸೇರಿದ ಮೇಲೆ ಅಲ್ಲಿ ಬಯಲಲ್ಲಿ
ಹೆಚ್ಚೆಂದರೆ ಐದು ಬೆಳೆದಿರಬಹುದು.
ಅದಕ್ಕೆ ಯಾರೂ ಫಾರಂ ಕಳಿಸಿಲ್ಲ.

ಮೂರನೇ ಅಧ್ಯಾಯದ ಕಥೆ ಇಷ್ಟು:
ಇನ್ನೂರ ಹನ್ನೆರಡನೇ ಸೆಂಟಿಮೀಟರಿನ ಪದರ
ಇನ್ನೂರ ನಲವತ್ತರದ್ದಕ್ಕಿಂತ ಹಳೆಯದು, ಮುನ್ನೂರು ವರ್ಷ.
ಮೇಲಿನದು ಹಳತು, ಕೆಳಗಿನದು ಹೊಸತು.
ಅಜ್ಜನಿಗಿಂತ ಮೊದಲೇ ಮೊಮ್ಮಗ ಹುಟ್ಟಿದ ಹಾಗೆ.
ಅದನ್ನು ಅಡಿಟಿಪ್ಪಣಿಗೆ ತಳ್ಳಿದೆ, ಸಣ್ಣಕ್ಷರದಲ್ಲಿ,
'ಮಾದರಿ ಕಲುಷಿತವಾಗಿರಬಹುದು' ಎಂದು.
ಮೇಲೆ ಮೂವತ್ತೊಂದು ಪುಟ ಹರಡಿದೆ.
ಎಂಟು ತಿಂಗಳು ಅವು ಹಸಿರಾಗಿಯೇ ಕಂಡವು.

ಪ್ರೊಫೆಸರ್ ಲೈನೊನೆನ್ ಕೆಂಪು ಶಾಯಿ ಬಳಸುವುದಿಲ್ಲ.
'ಎಂದು ಕಂಡುಬಂದಿದೆ' ಎಂದಿರುವಲ್ಲೆಲ್ಲ
ಅಂಚಿನಲ್ಲಿ ಪೆನ್ಸಿಲಿನ ಒಂದೇ ಪದ: ಯಾರಿಗೆ?
ಹದಿಮೂರು ಕಡೆ. ಎಣಿಸಿದ್ದೇನೆ.
ನಿಜ. ಕಂಡದ್ದು ನನಗೆ; ಬಂದದ್ದು ಯಾರು?
ಮದುವೆಯ ಫೋಟೋದಲ್ಲಿ ಕುಳ್ಳ ಹುಡುಗಿಯಂತೆ
ಆ ಕ್ರಿಯಾಪದದ ಹಿಂದೆ ನಿಂತಿದ್ದೆ,
ಹಣೆ ಮಾತ್ರ ಕಾಣುವಂತೆ.

ಪಕ್ಕದ ಮೇಜಿನ ಸೆವೆರಿ ಮುಗಿಸಿದ.
ಇಲ್ಲಿ ಡಾಕ್ಟರಾದವರಿಗೆ ಎತ್ತರದ ಟೋಪಿ, ಸೊಂಟಕ್ಕೊಂದು ಕತ್ತಿ.
ತಲೆಯ ಅಳತೆ ಕೊಡಲು ಹೋದವನು ನನ್ನನ್ನೂ ಎಳೆದೊಯ್ದ.
ಟೋಪಿಯವಳು ನನ್ನ ಹಣೆಗೂ ಟೇಪು ಸುತ್ತಿ,
ಬರೆದಿಟ್ಟುಕೊಳ್ಳಲೇ? ಎಂದಳು.
ಬೇಡ, ಅಂದೆ. ಅಷ್ಟರಲ್ಲಿ ತಲೆ ಬದಲಾಗಬಹುದು.

ಆ ರಾತ್ರಿ ಮೂವತ್ತೊಂದು ಪುಟ ಅಳಿಸಿದೆ.
ಶೌರ್ಯವೇನಲ್ಲ. ಹಲ್ಲುನೋವು ತಡೆಯಲಾರದೆ
ವೈದ್ಯರ ಬಾಗಿಲು ತಟ್ಟುವಂಥದು.
ಉಳಿದದ್ದು ಒಂದೇ ವಾಕ್ಯ:
ಇನ್ನೂರ ಹನ್ನೆರಡರಲ್ಲಿ ಕಾಲ ತಿರುವುಮುರುವಾಗಿದೆ;
ಕಾರಣ ನನಗೆ ಗೊತ್ತಿಲ್ಲ.
ಹನ್ನೊಂದು ದಿನ ಹಿಡಿಯಿತು ಅದಕ್ಕೆ.
'ನನಗೆ' ಎಂಬುದನ್ನು ಹೊಡೆದೆ, ಅಳಿಸಿದೆ, ಮತ್ತೆ ಹೊಡೆದೆ.

ಶನಿವಾರ ತೌನೊ ಮಾವನ ಮನೆ.
ನಲವತ್ತು ವರ್ಷ ಪೀಟ್ ಕೆರೆಯುವ ಯಂತ್ರ ಓಡಿಸಿ
ಊರಿನ ಬಿಸಿನೀರಿಗೆ ಜೌಗು ಒದಗಿಸಿದವನು.
ಸೌನಾ ಮುಗಿಸಿ, ಹೊರಗಿನ ಬೆಂಚಿನ ಮೇಲೆ
ಮೈಯಿಂದ ಹಬೆಯೇಳುತ್ತ ಕೂತಿದ್ದ.
ನಾನು ಬೇಸಿಗೆಗೆ ಗೇಣುದ್ದ ಕೆರೆಯುತ್ತಿದ್ದೆ, ನೀನು?
ಎರಡು ಬೆರಳಗಲ, ಅಂದೆ.
ನಗಲಿಲ್ಲ. ನನ್ನ ಅಜ್ಜ-ಮೊಮ್ಮಗನ ಒಗಟನ್ನು ಪೂರ್ತಿ ಕೇಳಿ,
ಕಾಫಿಯ ಗಸಿಯನ್ನು ಹಿಮಕ್ಕೆ ಚೆಲ್ಲಿದ.
ಮೇಲಿನದನ್ನೇ ಯಾಕೆ ಅನುಮಾನಿಸುತ್ತೀಯ?
ಜೊಂಡಿನ ಬೇರು ಪಾತಾಳಕ್ಕಿಳಿಯುತ್ತದೆ.
ಎಷ್ಟು ಸಲ ನನ್ನ ಅಲಗಿಗೆ ಸುತ್ತಿಕೊಂಡಿದೆ!

ಇವತ್ತು ಇನ್ನೂರ ನಲವತ್ತನ್ನು ಬಿಚ್ಚಿದೆ.
ಬೆರಳು ಸೆಟೆದುಕೊಳ್ಳುವ ಚಳಿ, ಹಳೆ ಚಹಾದಂಥ ವಾಸನೆ.
ಮಸೂರದ ಕೆಳಗೆ, ಕಂದು ಕತ್ತಲಲ್ಲಿ
ಹೊಲಿಗೆ ಬಿಚ್ಚಿದ ದಾರದಂಥದೊಂದು,
ಮೇಲಿನಿಂದ ಇಳಿದಂತೆ.
ಬೇರೇ ಇರಬಹುದು. ನನ್ನದೇ ಸ್ವೆಟರಿನ ಎಳೆಯೂ ಇರಬಹುದು.

ಮೇಲೆ ಬಂದು ಕಡತ ತೆರೆದೆ.
'ಗೊತ್ತಿಲ್ಲ' ಎಂಬುದರ ಮುಂದಿನ ಪೂರ್ಣವಿರಾಮ ತೆಗೆದು
ಅಲ್ಪವಿರಾಮ ಹಾಕಿದೆ.
ಇದು ಶೇಕಡಾ ಎಷ್ಟು, ಮಾರ್ಯುತ್?